ಚೂರಿ ತಲುಪುವವರೆಗೆ

ಹಿಜರಿ ೧೪೪೦, ಸಫರ್ ೩, ಶುಕ್ರವಾರ, ನಾಯಿಯ ವರ್ಷ
(ಅಕ್ಟೋಬರ್ ೧೨, ೨೦೧೮)

ಉಸಿರನ್ನು ಕೊಟ್ಟವನೂ, ಕೊಟ್ಟ ಉಸಿರನ್ನು ತಾನು ಗೊತ್ತುಮಾಡಿದ ಗಳಿಗೆಯಲ್ಲಿ ಹಿಂಪಡೆಯುವವನೂ ಆದ ಏಕೈಕ ಒಡೆಯನ ಹೆಸರಿನಿಂದ ಈ ಪುಟವನ್ನು ತೆರೆಯುತ್ತೇನೆ. ಬರೆದದ್ದು ಸತ್ಯವಾಗಿರಲಿ. ಸತ್ಯವಲ್ಲದ್ದು ಶಾಯಿಯಲ್ಲಿಯೇ ಒಣಗಿಹೋಗಲಿ.

ಇಂದು ಶುಕ್ರವಾರದ ನಮಾಜಿನ ಬಳಿಕ ಬೇಟೆ ಶಿಬಿರದ ಯಜಮಾನ ಪಿರ್ಮತ್ ನನ್ನ ಮನೆಗೆ ಬಂದು, ಉಪ್ಪು ಬೆರೆಸಿದ ಹಾಲುಚಹಾ ಕುಡಿದು, ರೊಟ್ಟಿಯ ಪಕ್ಕದಲ್ಲಿ ತೋಟಾಗಳ ಪೆಟ್ಟಿಗೆಯೊಂದನ್ನು ಇಟ್ಟ. ರೊಟ್ಟಿಯಿರುವ ಬಟ್ಟೆಯ ಮೇಲೆ ಅಂಥದ್ದು ಸಲ್ಲದೆಂದು ನಾನು ಅದನ್ನು ಕಿಟಕಿಯ ಗೂಡಿಗೆ ಸರಿಸಿದೆ.

"ಮೋಲ್ದೊಕೆ, ಹೋದ ಚಳಿಗಾಲದ ಹಾಗೇ ಈ ಸಲವೂ ಆದ್ರೆ ಊರಿನವರು ನನ್ನ ಶಿಬಿರಾನ ಕಿತ್ತು ಗಡಿ ಆಚೆ ಎಸೀತಾರೆ," ಎಂದ.

ಅವನ ಭಯಕ್ಕೆ ಕಾರಣವಿದೆ. ಹೊರನಾಡಿನ ಅತಿಥಿಗಳು ಕಾಡುಟಗರನ್ನು ಹೊಡೆದು ಕೊಂಬನ್ನು ಒಯ್ಯುವುದು, ಮಾಂಸ ನಮ್ಮ ಮೂವತ್ತನಾಲ್ಕು ಮನೆಗಳಿಗೆ ಸಲ್ಲುವುದು, ಇದೇ ಒಪ್ಪಂದ. ಕಳೆದ ವರ್ಷ ಐದು ಟಗರುಗಳು ಬಿದ್ದವು. ಮೂರು, ಚೂರಿ ತಲುಪುವ ಮುನ್ನವೇ ಸತ್ತಿದ್ದವು. ಗುಂಡು ಹಾರಿಸಿದವನು ನಮ್ಮ ಧರ್ಮದವನಲ್ಲ. ಅವನ ಗುಂಡಿನ ಮೇಲೆ ದೇವರ ಹೆಸರಿಲ್ಲ. ಆದುದರಿಂದ ಪ್ರಾಣಿಯನ್ನು ಜೀವವಿರುವಾಗಲೇ ತಲುಪಿ, ಹೆಸರು ಹೇಳಿ ಕೊರಳನ್ನು ಕೊಯ್ಯದ ಹೊರತು ಆ ಮಾಂಸ ಹರಾಮ್ ಎಂಬುದು ನನ್ನ ಅಜ್ಜ ಕೈಯಾರೆ ನಕಲುಮಾಡಿದ ಧರ್ಮಗ್ರಂಥದ ಮಾತು. ಈ ಊರಿನಲ್ಲಿ ತೀರ್ಪು ಹೇಳುವ ಮೋಲ್ದೊ ನಾನೊಬ್ಬನೇ, ಹಾಗೆಯೇ ಹೇಳಿದೆ. ಮೂರು ಟಗರುಗಳ ಮಾಂಸ ರಣಹದ್ದುಗಳ ಪಾಲಾಯಿತು. ಉಳಿದೆರಡರ ಮಾಂಸ ಹಿಮ ಬೀಳುವ ಮೊದಲೇ ತೀರಿತು; ಆ ಚಳಿಗಾಲವನ್ನು ಊರು ಬರಿಯ ಹಿಟ್ಟಿನ ಗಂಜಿಯಲ್ಲಿ ಕಳೆಯಿತು. ಜನ ನನ್ನೆದುರು ಏನನ್ನೂ ಹೇಳಲಿಲ್ಲ. ಬೆನ್ನ ಹಿಂದೆ ಹೇಳಿದ್ದು ನನಗೆ ತಿಳಿದಿದೆ.

"ನೀವು ಮೂವತ್ತೊಂದು ವರ್ಷ ಶಾಲೇಲಿ ಭೌತಶಾಸ್ತ್ರ ಹೇಳ್ಕೊಟ್ಟೋರು," ಎಂದ ಪಿರ್ಮತ್. "ಶಿಬಿರದಲ್ಲಿ ನಾಲ್ಕು ರೈಫಲ್ ಇದೆ. ಒಂದೊಂದರ ನಳಿಗೆ ಅಳತೆ ಒಂದೊಂದು. ಆರ್ನೂರು, ಏಳ್ನೂರು ಮೀಟರ್‌ನಿಂದ ಹೊಡೆದ್ರೂ ಚೂರಿ ತಲುಪೋವರೆಗೆ ಜೀವ ಉಳಿಸೋ ಗುಂಡು ಯಾವುದು, ನೀವೇ ಪರೀಕ್ಷೆ ಮಾಡಿ ಹೇಳಿ. ಅದನ್ನೇ ತರಿಸ್ತೀನಿ."

ಒಪ್ಪಿಕೊಂಡೆ. ಈ ವರ್ಷ ನಮ್ಮ ಒಲೆಗಳ ಮೇಲಿನ ಮಾಂಸ ನಿಷ್ಕಳಂಕವಾಗಿರಬೇಕು. ಪ್ರಾಣಿಗೆ ಅನಗತ್ಯವಾದ ನೋವನ್ನು ಕೊಡುವುದು ಪಾಪವೆಂಬುದನ್ನೂ ಮರೆಯಬಾರದು. ಎರಡನ್ನೂ ತೂಗುವ ತಕ್ಕಡಿ ನನ್ನ ಕೈಯಲ್ಲಿರಲಿ.

ಅಕ್ಟೋಬರ್ ೧೬, ಮಂಗಳವಾರ

ಶಾಲೆಯ ಉಗ್ರಾಣದಲ್ಲಿ ಕೊಳೆಯುತ್ತಿದ್ದ ಹಳೆಯ ಪಠ್ಯಪುಸ್ತಕಗಳನ್ನು ನೀರಿನಲ್ಲಿ ನೆನೆಸಿ, ಪೆಟ್ಟಿಗೆಗಳಲ್ಲಿ ಒತ್ತಾಗಿ ಜೋಡಿಸಿ, ಮುಂದೆ ಚಮರೀಮೃಗದ ಪಕ್ಕೆಲುಬುಗಳನ್ನು ಕಟ್ಟಿಸಿದೆ. ಒದ್ದೆ ಕಾಗದವು ಮಾಂಸದ ಹಾಗೆಯೇ ಗುಂಡನ್ನು ಹಿಡಿಯುತ್ತದೆ. ದೇವರ ಹೆಸರಿರುವ ಕಾಗದಕ್ಕೆ ಗುಂಡು ತಗಲಬಾರದೆಂದು ಎರಡು ದಿನ ಪುಟಪುಟವನ್ನೂ ತಿರುವಿದ್ದೆ. ದೇವರಿಲ್ಲವೆಂದ ಸರ್ಕಾರದ ಕಾಲದ ಆ ಪುಸ್ತಕಗಳಲ್ಲಿ ಆ ಹೆಸರು ಎಲ್ಲಿಯೂ ಇರಲಿಲ್ಲ.

ಹೊಡೆದವನು ಮಾದುಮಾರ್. ನನ್ನ ಮಗಳು ತುರ್ಗುನಾಯಳ ಗಂಡ, ಶಿಬಿರದ ಮಾರ್ಗದರ್ಶಿ, ಬಿದ್ದ ಪ್ರಾಣಿಯ ಬಳಿಗೆ ಚೂರಿ ಹಿಡಿದು ಓಡುವವನೂ ಅವನೇ.

"ನೀವು ಕಲಿಸಿದ್ದು ನನ್ನ ತಲೆಗೆ ಇಳೀಲಿಲ್ಲ, ಅತಾ. ಈ ಪುಸ್ತಕಕ್ಕಾದ್ರೂ ನಾನು ಏನಾದ್ರೂ ಇಳಿಸ್ತೀನಿ," ಎಂದು ನಕ್ಕು ಮಲಗಿ ಗುರಿಯಿಟ್ಟ.

ಏಳುನೂರು ಮೀಟರ್. ಎಡದಿಂದ ಗಾಳಿ. ಮುನ್ನೂರೆಂಬ ಅಳತೆಯ ನಳಿಗೆಯಿಂದ ಬಿಟ್ಟ, ತೆಳುಕವಚದ ಸೀಸದ ಗುಂಡು ಅಷ್ಟು ದೂರದಲ್ಲಿಯೂ ಅರಳಿ, ಪುಸ್ತಕಗಳೊಳಗೆ ನನ್ನ ಮುಷ್ಟಿ ಹಿಡಿಸುವಷ್ಟು ಗುಹೆಯನ್ನು ತೋಡಿತ್ತು. ಮುನ್ನೂರಮೂವತ್ತೆಂಟರ ಭಾರಿ ಗುಂಡು ಪೆಟ್ಟಿಗೆಯನ್ನೇ ಒಡೆಯಿತು. ಆರೂವರೆ ಮಿಲಿಮೀಟರಿನ ಅಪ್ಪಟ ತಾಮ್ರದ ಗುಂಡು ಮಾತ್ರ ವೇಗ ಕಳೆದುಕೊಂಡು ಬಂದು, ಅರಳದೆ, ಮೊಳೆಯಂತೆ ನೇರವಾಗಿ ದಾಟಿಹೋಗಿತ್ತು. ರಂಧ್ರದೊಳಗೆ ಕಿರುಬೆರಳು ಹೋಗುತ್ತದೆ, ಅಷ್ಟೆ. ಏಳು ಮಿಲಿಮೀಟರಿನ ತಾಮ್ರವೂ ಐನೂರೈವತ್ತು ಮೀಟರಿನ ಆಚೆಗೆ ಹಾಗೆಯೇ ನಡೆದುಕೊಂಡಿತು.

ಮಾದುಮಾರ್ ಆ ದೊಡ್ಡ ಗುಹೆಯೊಳಗೆ ಕೈಯಿಟ್ಟು ನೋಡಿ, "ಇದೇ ಸರಿ. ಟಗರು ನಿಂತಲ್ಲೇ ಕುಸೀತದೆ. ಅದಕ್ಕೂ ಸುಖ, ನನಗೂ ಸುಖ," ಎಂದ.

"ಊರಿಗೆ?" ಎಂದೆ.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಅವನ ಮಾತಿನಲ್ಲಿ ಕರುಣೆಯಿದೆ. ಅದನ್ನು ನಾನು ಗೌರವಿಸುತ್ತೇನೆ. ಇಂದು ರಾತ್ರಿಯೆಲ್ಲ ಆ ಎರಡು ರಂಧ್ರಗಳೇ ಕಣ್ಣ ಮುಂದಿವೆ.

ಅಕ್ಟೋಬರ್ ೨೪, ಬುಧವಾರ

ಕಾಗದಕ್ಕೆ ಪ್ರಾಣವಿಲ್ಲ. ಎಷ್ಟು ಹೊತ್ತು ಬದುಕಿರುತ್ತದೆಂಬುದನ್ನು ಅದು ಹೇಳಲಾರದು.

ಹಲ್ಲು ಉದುರಿದ ಮುದಿ ಹೋತವೊಂದನ್ನು ಶಿಬಿರದ ಹಿಂದಿನ ಬಯಲಿನಲ್ಲಿ ಗೂಟಕ್ಕೆ ಕಟ್ಟಿಸಿದೆ. ಹೇಗೂ ಈ ಚಳಿಗಾಲವನ್ನು ಅದು ದಾಟುತ್ತಿರಲಿಲ್ಲ. ಆರುನೂರು ಮೀಟರ್; ಆರೂವರೆಯ ತಾಮ್ರ. ಹೋತ ಬೆಚ್ಚಿಬಿದ್ದು ಎದ್ದಿತು, ಸುತ್ತ ನೋಡಿತು, ಹುಲ್ಲನ್ನು ಮೂಸಿ ನೋಡಿದ ಮೇಲೆ ಮುಂಗಾಲು ಮಡಿಸಿ ಮಲಗಿತು. ನಾನು ಬಂಡೆಯ ಮರೆಯಲ್ಲಿ ಚೂರಿಯನ್ನು ಮಸೆದೆ. ಪ್ರಾಣಿಯ ಕಣ್ಣೆದುರು ಮಸೆಯುವುದು ನಿಷಿದ್ಧ. ಗಡಿಯಾರ ನೋಡಿಕೊಂಡು, ಸಾವು ತಾನಾಗಿ ಹತ್ತಿರವಾಗುವವರೆಗೂ ಕಾದೆವು. ಒಂಬತ್ತು ನಿಮಿಷ. ಕೊಯ್ದಾಗ ಕಾಲು ಒದೆಯಿತು, ರಕ್ತ ಹಾರಿತು. ಮಾಂಸ ಹಲಾಲ್.

ನನಗೆ ಊಟ ಸೇರಲಿಲ್ಲ. ಹೆಚ್ಚು ಹೊತ್ತು ಪ್ರಾರ್ಥನೆಯಲ್ಲಿ ಕುಳಿತೆ. ಆ ಒಂಬತ್ತು ನಿಮಿಷಗಳನ್ನು ನಾನೇ ಮಲಗಿ ಅನುಭವಿಸಿದಂತಾಯಿತು.

ಅಕ್ಟೋಬರ್ ೨೭, ಶನಿವಾರ

ಇನ್ನೂ ಮೂರು ಹೋತಗಳು. ಆರೂವರೆಯಿಂದ ಏಳು ನಿಮಿಷ. ಏಳು ಮಿಲಿಮೀಟರಿನದರಿಂದ, ಒಂಬತ್ತು ಮುಕ್ಕಾಲು ಗ್ರಾಂ ತಾಮ್ರ, ಹನ್ನೆರಡು ನಿಮಿಷ. ಅದೇ ಗುಂಡು, ಭುಜದ ಮೂಳೆಯನ್ನು ಬಿಟ್ಟು ಒಂದು ಗೇಣು ಹಿಂದಕ್ಕೆ: ಹತ್ತೊಂಬತ್ತು ನಿಮಿಷ. ಇದು ಬಹಳ ಸಮಾಧಾನಕರ.

ಈರುಳ್ಳಿ ಹಾಕಿ ಹುರಿದ ಹೋತದ ಯಕೃತ್ತು ಚೆನ್ನಾಗಿತ್ತು.

ನವೆಂಬರ್ ೪, ಭಾನುವಾರ

ತೀರ್ಮಾನವನ್ನು ಇಂದು ಬರೆದುಕೊಟ್ಟೆ. ಆರೂವರೆ ಹಾಗೂ ಏಳು ಮಿಲಿಮೀಟರಿನ ಬಂದೂಕುಗಳಿಗೆ ಅಪ್ಪಟ ತಾಮ್ರ. ಮುನ್ನೂರರ ಬಂದೂಕಿಗೂ ತಾಮ್ರವೇ, ಆದರೆ ಹನ್ನೊಂದು ಮುಕ್ಕಾಲು ಗ್ರಾಮಿನದು, ಆರುನೂರು ಮೀಟರಿನ ಈಚೆಗೆ ಹೊಡೆಯಕೂಡದು, ಏಕೆಂದರೆ ಹತ್ತಿರದಲ್ಲಿ ಅದು ಅರಳಿಬಿಡುತ್ತದೆ. ಮುನ್ನೂರಮೂವತ್ತೆಂಟರ ಬಂದೂಕನ್ನು ಪೆಟ್ಟಿಗೆಯಿಂದ ತೆಗೆಯಲೇಬಾರದು. ಗುರಿ ಭುಜಕ್ಕಲ್ಲ, ಪಕ್ಕೆಲುಬುಗಳ ಹಿಂಬದಿಗೆ.

ಪಿರ್ಮತ್ ಓದಿ ತಲೆಯಾಡಿಸಿದ. ಮಾದುಮಾರ್ ಕಾಗದವನ್ನು ಮುಟ್ಟಲೂ ಇಲ್ಲ.

"ಅತಾ, ನಿಮ್ಮ ಹೋತಾನ ಗೂಟಕ್ಕೆ ಕಟ್ಟಿತ್ತು," ಎಂದ.

"ಅದಕ್ಕೇನೀಗ?"

"ಕಾಡುಟಗರನ್ನ ಯಾರೂ ಕಟ್ಟಿರಲ್ಲ. ಪಕ್ಕೆ ಹಿಂದೆ ತೂತು ಬಿದ್ದ ಟಗರು ಬಯಲಿಗೆ ಬರಲ್ಲ, ಮೇಲಕ್ಕೆ ಹತ್ತುತ್ತೆ. ಅದರ ಹಿಂದೆ ಹತ್ತೋನು ನಾನು. ಹತ್ತೊಂಬತ್ತು ನಿಮಿಷ ಅಂತ ಬರ್ದಿದೀರಲ್ಲ, ಅದು ನನ್ನ ಎದೆಗೆ ಗೊತ್ತಿಲ್ಲ."

"ಹಾಗಾದರೆ ಊರು ಮತ್ತೆ ಹರಾಮ್ ತಿನ್ನಲೋ, ಹಸಿದು ಕೂರಲೋ?"

"ಒಂದು ಚಮರಿ ಕಡಿದು ಹಂಚಿ ಅಂತ ಪಿರ್ಮತ್ ಅಣ್ಣಂಗೆ ಹೇಳಿ. ಟಗರು ಹೋದ್ರೆ ಹದ್ದಿಗೆ ಹೋಗ್ಲಿ."

ಪಿರ್ಮತ್ ಚಹಾದ ಬಟ್ಟಲಿನೊಳಗೆ ನೋಡುತ್ತ ಕುಳಿತ. ನಾನು ಮಾದುಮಾರನಿಗೆ, ಧರ್ಮವು ನಡೆಯುವವನ ಕಾಲಿನ ಅನುಕೂಲವನ್ನು ಕೇಳುವುದಿಲ್ಲವೆಂದು ವಿವರಿಸಿದೆ. ಅವನು ಎದ್ದು ಹೊರಗೆ ಹೋಗಿ ಕುದುರೆಯ ಜೀನನ್ನು ಬಿಗಿದ. ಸಂಜೆ ತಾಲ್ಲೂಕಿನ ಕಿರಿಯ ಇಮಾಮನೊಬ್ಬ ಫೋನಿನಲ್ಲಿ, ಈ ವಿಷಯದಲ್ಲಿ ಸಡಿಲಿಕೆ ಇದೆ ಎಂದ. ಅಚ್ಚಾದ ಪುಸ್ತಕ ಓದಿದವನು. ನನ್ನ ಅಜ್ಜನ ಹಸ್ತಪ್ರತಿಯನ್ನು ಅವನು ಕಂಡಿಲ್ಲ.

ನವೆಂಬರ್ ೧೩, ಮಂಗಳವಾರ

ಹೊಗಳಿಕೆ ಎಲ್ಲವೂ ಒಡೆಯನಿಗೇ. ಋತುವಿನ ಮೊದಲ ಟಗರು. ಆರುನೂರನಲವತ್ತು ಮೀಟರ್, ಏಳರ ತಾಮ್ರ. ಹೊಡೆತ ನಾನು ಬರೆದಲ್ಲಿಯೇ ಬಿದ್ದಿತು. ಟಗರು ನಾಲ್ಕು ಹೆಜ್ಜೆ ನಡೆದು, ಕೊಂಬಿನ ಭಾರಕ್ಕೆ ತಲೆ ಜೋತು, ಇಳಿಜಾರಿನಲ್ಲಿ ಕುಳಿತಿತು. ಇಪ್ಪತ್ತಾರನೆಯ ನಿಮಿಷಕ್ಕೆ ನಾವು ತಲುಪಿದೆವು. ಇನ್ನೂ ಮೆಲುಕು ಹಾಕುವಂತೆ ದವಡೆ ಆಡಿಸುತ್ತಿತ್ತು. ಹೊತ್ತು ಕಡಿಮೆಯಿದ್ದುದರಿಂದ ಚೂರಿಯನ್ನು ಅದರ ಪಕ್ಕದಲ್ಲಿಯೇ ಕಲ್ಲಿಗೆ ಉಜ್ಜಿದೆ. ಕೊಯ್ದವನು ಮಾದುಮಾರ್.

ಮೂವತ್ತನಾಲ್ಕು ಪಾಲುಗಳನ್ನು ನಾನೇ ನಿಂತು ಹಂಚಿದೆ. ವಿಧವೆಯೊಬ್ಬಳು ನನ್ನ ತೋಳನ್ನು ಕಣ್ಣಿಗೊತ್ತಿಕೊಂಡು, "ಮೋಲ್ದೊಕೆ, ಒಂದು ವರ್ಷ ಆದ್ಮೇಲೆ ನಮ್ಮನೇಲಿ ಸಾರು ಕುದೀತಿದೆ," ಎಂದಳು. ಇಂಥ ದಿನವನ್ನು ನೋಡುವ ಯೋಗ್ಯತೆ ನನಗೆಲ್ಲಿಯದು.

ನವೆಂಬರ್ ೨೦, ಮಂಗಳವಾರ. ಪ್ರವಾದಿಯವರು ಜನಿಸಿದ ಪವಿತ್ರ ದಿನ

ಈ ದಿನದ ಮಹಿಮೆಯೇ ಇರಬೇಕು. ಅತಿಥಿ ಹಾಲ್ವರ್ಸನ್ ಎಂಬ ಅಮೆರಿಕದವನು, ಮುನ್ನೂರರ ಬಂದೂಕಿನಿಂದ, ಆರುನೂರತೊಂಬತ್ತು ಮೀಟರಿನಲ್ಲಿ ಹೊಡೆದ. ಟಗರು ಕಣಿವೆಯನ್ನು ದಾಟಿ ಹೋಯಿತು. ಹಿಮದ ಮೇಲಿನ ರಕ್ತದ ಜಾಡಿನಲ್ಲಿ ಮೂರು ಗಂಟೆ ಹತ್ತು ನಿಮಿಷ ನಡೆದೆವು. ಕೊನೆಗೆ ಕಂಡಾಗ ಅದು ನಿಂತೇ ಇತ್ತು. ಹೊಟ್ಟೆಯಡಿಯಿಂದ ಕರುಳು ಹೊರಬಂದು, ಅದರ ಮೇಲೆಯೇ ಅದು ಕಾಲಿಡುತ್ತಿತ್ತು.

ಹಾಲ್ವರ್ಸನ್ ಮತ್ತೊಂದು ಗುಂಡು ಹಾಕಲು ಬಂದೂಕು ಎತ್ತಿದ. ನಾನು ನಳಿಗೆಯನ್ನು ಹಿಡಿದು ಕೆಳಕ್ಕೆ ಒತ್ತಿದೆ.

"ಏನಂತೆ?" ಎಂದು ಪಿರ್ಮತನನ್ನು ಕೇಳಿದೆ.

"ಮುಗಿಸೋಕೆ ಬಿಡಿ ಅಂತಿದಾನೆ. ಅಳ್ತಾ ಇದಾನೆ, ಮೋಲ್ದೊಕೆ."

"ಅಳಲಿ. ನಾನೂರು ಹೆಜ್ಜೆ ಉಳಿದಿದೆ."

ಮಾದುಮಾರ್ ಓಡಿದ. ನಾಲ್ಕು ಸಾವಿರದ ಆರುನೂರು ಮೀಟರಿನ ಎತ್ತರದಲ್ಲಿ ಓಡುವುದೆಂದರೆ ಎದೆಯೊಳಗೆ ಗಾಜು ನುಂಗಿದಂತೆ. ಎರಡು ಸಲ ಮಂಡಿಯೂರಿ ವಾಂತಿ ಮಾಡಿಕೊಂಡ. ಆದರೆ ತಲುಪಿದ. ಟಗರು ಅವನನ್ನು ನೋಡಿ ಕದಲಲಿಲ್ಲ. ಪ್ರಾಣವು ನಮಗಾಗಿಯೇ ಕಾದಿತ್ತು. ಇದು ಅನುಗ್ರಹವಲ್ಲದೆ ಮತ್ತೇನು.

ಆ ಪರದೇಶಿಯ ಕರುಣೆ ತನ್ನ ಕಣ್ಣಿಗೆ ಮಾತ್ರ. ತನಗೆ ಕಾಣಿಸದಿದ್ದರೆ ಸಾಕು. ಇಳಿಯುವಾಗ ಮಾದುಮಾರ್ ನನ್ನಿಂದ ಬಹಳ ಹಿಂದೆಯೇ ನಡೆದು ಬಂದ. ದಣಿವು.

ನವೆಂಬರ್ ೨೫

ತುರ್ಗುನಾಯ್ ಬಂದು, "ಅವ್ರಿಗೆ ರಾತ್ರಿಯಿಡೀ ಕೆಮ್ಮು, ಈ ಒಂದು ಬೇಟೆಗಾದ್ರೂ ಬೇರೆಯವ್ರನ್ನ ಕಳ್ಸಿ," ಎಂದಳು. ಅಷ್ಟು ವೇಗವಾಗಿ ಏರುವವನು ಈ ಊರಿನಲ್ಲಿ ಬೇರೆ ಯಾರಿದ್ದಾರೆ? ಅವಳಿಗೂ ಅದು ಗೊತ್ತು. ಕೆಮ್ಮಿಗೆ ಟಗರಿನ ಕೊಬ್ಬನ್ನು ಬಿಸಿಮಾಡಿ ಕೊಡಲು ಹೇಳಿದೆ.

ಡಿಸೆಂಬರ್ ೨

ಮೂರನೆಯ ಟಗರು. ಏಳರ ತಾಮ್ರ, ಏಳುನೂರಹತ್ತು ಮೀಟರ್. ಕೊರಳು ಕೊಯ್ಯುವಾಗ ಜೀವವಿತ್ತು. ಮಾಂಸ ಹಲಾಲ್.

ಮಾದುಮಾರ್ ಇನ್ನಿಲ್ಲ.

ಡಿಸೆಂಬರ್ ೪, ಮಂಗಳವಾರ

ನಡೆದುದನ್ನು ಕ್ರಮವಾಗಿ ಬರೆದಿಡುವುದು ನನ್ನ ಕರ್ತವ್ಯ.

ಟಗರು ಹೊಡೆತ ತಿಂದು ಕಡಿದಾದ ಬಂಡೆಯ ಮೇಲಕ್ಕೆ ಹತ್ತಿತು. ಅತಿಥಿಯೂ ಪಿರ್ಮತನೂ ಕೆಳಗೆ ಉಳಿದರು. ಮಾದುಮಾರ್ ನೇರವಾಗಿ ಏರಿದ. ನಾನು ಮೇಕೆಗಳ ದಾರಿಯಲ್ಲಿ ಬಳಸಿ ಹೊರಟೆ. ಅರ್ಧ ಗಂಟೆ ಕಳೆದಿತ್ತು. ಕಲ್ಲುಗಳು ಉರುಳಿದ ಸದ್ದು ಕೇಳಿಸಿತು. ಟಗರು ಬಿದ್ದಿರಬೇಕೆಂದುಕೊಂಡು ವೇಗವಾಗಿ ನಡೆದೆ.

ಬಂಡೆಯ ಚಾಚಿನ ಮೇಲೆ ಇಬ್ಬರೂ ಇದ್ದರು. ಮಾದುಮಾರ್ ಮೇಲಿನ ಮಂಜುಗಡ್ಡೆಯಿಂದ ಜಾರಿ ಬಿದ್ದಿದ್ದ. ತೊಡೆ ಮುರಿದು ಮೂಳೆ ಬಟ್ಟೆಯನ್ನು ಹರಿದು ಹೊರಬಂದಿತ್ತು. ಅವನಿಂದ ಹದಿನೈದು ಹೆಜ್ಜೆ ಆಚೆಗೆ ಟಗರು ಮಲಗಿತ್ತು. ಮೂಗಿನಲ್ಲಿ ರಕ್ತದ ಗುಳ್ಳೆಗಳು. ಒಂದು ಉಸಿರಿಗೂ ಮತ್ತೊಂದಕ್ಕೂ ನಡುವೆ ನಾನು ಹತ್ತು ಎಣಿಸಿದೆ.

"ಅತಾ," ಎಂದ ಮಾದುಮಾರ್. "ಬಂದ್ರಾ. ಇಲ್ಲಿ ಬನ್ನಿ. ಇದನ್ನ ಕಟ್ಟಿ."

"ಬಂದೆ. ಚೂರಿ ಎಲ್ಲಿ?"

ಚೂರಿ ಅವನ ಕೈಯಲ್ಲಿಯೇ ಇತ್ತು. ಬೆರಳುಗಳು ಮರಗಟ್ಟಿದ್ದರಿಂದ ಒಂದೊಂದನ್ನೇ ಬಿಡಿಸಿ ತೆಗೆದುಕೊಳ್ಳಬೇಕಾಯಿತು.

"ಮೊದ್ಲು ಇದನ್ನ ಕಟ್ಟಿ, ಅತಾ. ಬಿಸಿ ಆಗ್ತಿದೆ ಕಾಲು. ಬಿಸಿ ಹರೀತಿದೆ."

"ಮಾತಾಡುತ್ತಿದ್ದೀಯಲ್ಲ. ಮಾತಾಡುತ್ತಿರು. ಅದು ಹೋಗಿಬಿಡುತ್ತದೆ."

ಟಗರಿನ ತಲೆಯನ್ನು ಕಾಬಾದ ದಿಕ್ಕಿಗೆ ತಿರುಗಿಸುವುದು ಒಬ್ಬನ ಕೆಲಸವಲ್ಲ. ಕೊಂಬು ಕಲ್ಲುಗಳ ನಡುವೆ ಸಿಕ್ಕಿತ್ತು. ಬಿಡಿಸಿ ತಿರುಗಿಸಿದೆ. ಅವನು ಬೀಳುವಾಗ ಚೂರಿಯ ಅಲಗು ಮುಕ್ಕಾಗಿತ್ತು, ಮಸೆದೆ. ಹೆಸರು ಹೇಳಿ ಕೊಯ್ದೆ. ಕಾಲು ಒದೆಯಿತು, ರಕ್ತ ಹಾರಿತು. ಸಂದೇಹಕ್ಕೆ ಎಡೆಯೇ ಇಲ್ಲದಷ್ಟು ಶುದ್ಧವಾಗಿ ಆಯಿತು. ಅವನು ಎರಡು ಸಲ ಕರೆದ. ಮೂರನೆಯ ಸಲ ತನ್ನ ತಾಯಿಯನ್ನು ಕರೆದ.

ಬಳಿಕ ಹೋಗಿ ನನ್ನ ಮುಂಡಾಸನ್ನು ಬಿಚ್ಚಿ ತೊಡೆಗೆ ಬಿಗಿದೆ. ರಕ್ತ ಆಗಲೇ ನಿಧಾನವಾಗಿತ್ತು. "ಸಿಕ್ತಾ?" ಎಂದು ಕೇಳಿದ. "ಸಿಕ್ಕಿತು," ಎಂದೆ. ನಕ್ಕನೋ, ಹಲ್ಲು ಕಡಿದನೋ ತಿಳಿಯಲಿಲ್ಲ. ದೇವರೊಬ್ಬನೇ ಎಂಬ ಸಾಕ್ಷ್ಯವಚನವನ್ನು ಅವನ ಕಿವಿಯಲ್ಲಿ ಹೇಳಿದೆ, ತುಟಿ ಅಲುಗಿತು. ಪಿರ್ಮತ್ ಹಗ್ಗ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಇಬ್ಬರಲ್ಲಿ ಒಬ್ಬರ ಬಳಿಗೆ ಮೊದಲು ಹೋಗಲೇಬೇಕಿತ್ತು. ಟಗರಿಗೆ ಇದ್ದುದು ಕೆಲವು ಉಸಿರು. ಮಾದುಮಾರನಿಗೆ ಅದಕ್ಕಿಂತ ಹೆಚ್ಚು ಹೊತ್ತಿದೆಯೆಂದು ನನಗೆ ತೋರಿತು. ಹೋತಗಳ ಮೇಲೆ ನಾನು ಅಷ್ಟು ದಿನ ಪರೀಕ್ಷೆ ನಡೆಸಿದ್ದೆ. ನನ್ನ ಅಂದಾಜು ಸಾಮಾನ್ಯವಾಗಿ ತಪ್ಪುವುದಿಲ್ಲ.

ಡಿಸೆಂಬರ್ ೫

ಮಣ್ಣಾಯಿತು. ನೆಲ ಹೆಪ್ಪುಗಟ್ಟಿದ್ದರಿಂದ ಚಮರಿಸಗಣಿಯ ಬೆಂಕಿ ಹಾಕಿ ಅಗೆದರು.

ಶೋಕಕ್ಕೆ ಬಂದವರು ಎದ್ದುಹೋದ ಮೇಲೆ ತುರ್ಗುನಾಯ್ ನನ್ನೆದುರು ಕುಳಿತಳು. ತಲೆಗೂದಲು ಬಿಚ್ಚಿತ್ತು.

"ಪಿರ್ಮತ್ ಅಣ್ಣ ಕೆಳಗಿಂದ ದುರ್ಬೀನಿನಲ್ಲಿ ನೋಡ್ತಿದ್ರಂತೆ. ನೀವು ಮೊದ್ಲು ಯಾರ ಹತ್ರ ಹೋದ್ರಿ, ಅತಾ?"

ನಾನು ಸುಳ್ಳು ಹೇಳುವವನಲ್ಲ. "ಟಗರಿನ ಹತ್ತಿರ."

"ಎಷ್ಟು ಹೊತ್ತು?"

"ಎಂಟು ನಿಮಿಷ."

"ನೋಡಿದ್ರಾ ಗಡಿಯಾರಾನ?"

"ನೋಡಿದ್ದೆ."

ಅವಳು ಬಿಚ್ಚಿದ ಕೂದಲನ್ನು ಗಂಟುಹಾಕಿಕೊಂಡಳು. ಮತ್ತೆ, ಚಿಕ್ಕವಳಿದ್ದಾಗ ಪಾಠ ಕೇಳುವಾಗಿನ ದನಿಯಲ್ಲಿಯೇ, "ಸರಿ. ಮಾಂಸ ಹಲಾಲ್ ಆಯ್ತಾ?" ಎಂದಳು.

"ಆಯಿತು, ಮಗಳೇ. ಅದರಲ್ಲಿ ಸಂದೇಹವಿಲ್ಲ."

ಅವಳು ಎದ್ದು, ನಾನು ಕುಡಿದಿದ್ದ ಬಟ್ಟಲನ್ನು ಒಯ್ದು, ಹೊರಗೆ ಹಿಮದಲ್ಲಿ ಉಜ್ಜಿ ಉಜ್ಜಿ ತೊಳೆದಳು. ಶುಚಿಯ ವಿಷಯದಲ್ಲಿ ಅವಳು ಮೊದಲಿನಿಂದಲೂ ಕಟ್ಟುನಿಟ್ಟು.

ಡಿಸೆಂಬರ್ ೯, ಭಾನುವಾರ. ಸಾವಿನ ಏಳನೆಯ ದಿನ ಕಳೆದ ಮರುದಿನ

ಮೂರನೆಯ ಟಗರಿನ ಪಾಲುಗಳನ್ನು ನಾನು ಮೊನ್ನೆಯೇ ಹಂಚಿಸಿದ್ದೆ. ಬೆಳಗಿನ ನಮಾಜಿಗೆ ಬಾಗಿಲು ತೆರೆದಾಗ ಹೊಸ್ತಿಲ ಬಳಿ ಬಟ್ಟೆಯ ಗಂಟುಗಳನ್ನು ಕಂಡೆ. ಯಾರೋ ಮರೆತು ಇಟ್ಟರೆಂದು ಬಗ್ಗಿ ಬಿಚ್ಚಿದೆ. ಮಾಂಸ. ಎಲ್ಲವೂ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಎಣಿಸಿದೆ: ಮೂವತ್ತಮೂರು. ಮಾದುಮಾರನ ಮನೆಯದೂ ಅದರಲ್ಲಿತ್ತು. ಆ ವಿಧವೆಯದೂ ಇತ್ತು. ಮೂವತ್ತನಾಲ್ಕನೆಯ ಪಾಲು ನನ್ನದೇ. ಅದು ಒಲೆಯ ಮೇಲೆ ಬೇಯುತ್ತಿತ್ತು.

ನಮಾಜಿಗೆ ಯಾರೂ ಬರಲಿಲ್ಲ. ಒಬ್ಬನೇ ನಡೆಸಿದೆ.

ಮಧ್ಯಾಹ್ನ ಪಿರ್ಮತ್ ಬಂದ, ಒಳಗೆ ಬರಲಿಲ್ಲ, ಕುದುರೆಯ ಮೇಲಿಂದಲೇ ಮಾತಾಡಿದ.

"ತಾಮ್ರದ ತೋಟಾ ಎಲ್ಲ ವಾಪಸ್ ಕಳಿಸ್ದೆ. ಇನ್ಮೇಲೆ ತೆಳು ಕವಚದ್ದು. ಹೊಡೆದಲ್ಲೇ ಬೀಳ್ಲಿ."

"ಮಾಂಸ?"

"ಹದ್ದುಗಳು ತಿನ್ಲಿ, ಮೋಲ್ದೊಕೆ. ಊರಿನವ್ರೇ ಹೇಳಿದ್ದು."

"ಇದರಲ್ಲಿ ಏನು ದೋಷ ಕಂಡರು? ಕೊಯ್ದವನು ನಾನು. ಜೀವವಿತ್ತು. ಇದಕ್ಕಿಂತ ಶುದ್ಧವಾದ ಮಾಂಸ ಈ ಕಣಿವೆಯಲ್ಲಿ ಎಂದೂ ಬೆಂದಿಲ್ಲ."

"ಅದೇ," ಎಂದು ಪಿರ್ಮತ್ ಕುದುರೆಯನ್ನು ತಿರುಗಿಸಿದ.

ಗಂಟುಗಳನ್ನೆಲ್ಲ ಒಳಗೆ ತಂದು ಗೋಡೆಯುದ್ದಕ್ಕೂ ಜೋಡಿಸಿದ್ದೇನೆ. ಒಬ್ಬನಿಗೆ ಇದು ಮೂರು ಚಳಿಗಾಲಕ್ಕೆ ಸಾಕು. ಗ್ರಂಥವನ್ನು ಮತ್ತೊಮ್ಮೆ ತೆರೆದು ಓದಿದೆ; ತೀರ್ಪಿನಲ್ಲಿ ಎಲ್ಲಿಯೂ ತಪ್ಪಿಲ್ಲ. ಆದರೂ ಪುಟವನ್ನು ತಿರುವುತ್ತಿರುವಾಗ ಎರಡು ಸಲ ಬಾಗಿಲ ಕಡೆಗೆ ನೋಡಿದೆ. ಯಾರೋ ಕರೆದ ಹಾಗಾಯಿತು.

ಜನರ ವಿಶ್ವಾಸ ದುರ್ಬಲವಾದಾಗ ಅವರಿಗಾಗಿ ಬೇಡುವುದು ಹಿರಿಯನ ಧರ್ಮ. ಆದುದರಿಂದ ಬೇಡುತ್ತೇನೆ:

ದೂರದೇಶದಲ್ಲಿ ಕುಳಿತು ತಾಮ್ರವನ್ನು ತಿದ್ದಿ ಗುಂಡು ಮಾಡಿದವರ ಕೈಗಳನ್ನು ಒಡೆಯನು ಕಾಯಲಿ. ಹೊಡೆದು ಅತ್ತವನ ಕಣ್ಣೀರನ್ನು ಒರೆಸಲಿ. ಪಿರ್ಮತನ ಶಿಬಿರ ಉಳಿಯಲಿ. ಮಾದುಮಾರನ ಗೋರಿ ವಿಶಾಲವಾಗಲಿ, ಅದರಲ್ಲಿ ಚಳಿ ಇರದಿರಲಿ. ಮೂರು ಟಗರುಗಳಿಗೂ ನಾಲ್ಕು ಹೋತಗಳಿಗೂ, ಅವುಗಳಿಗೆ ಸಲ್ಲುವ ಬಯಲೆಂಬುದು ಒಂದಿದ್ದರೆ, ಅಲ್ಲಿ ಹುಲ್ಲಿರಲಿ. ನನ್ನ ಮಗಳ ಮನಸ್ಸು ತಣಿಯಲಿ. ಮೂವತ್ತಮೂರು ಮನೆಗಳ ಮಡಕೆಗಳು ಬೇರೆ ಯಾವುದರಿಂದಲಾದರೂ ತುಂಬಲಿ. ಹಾಗೂ ನಮ್ಮಲ್ಲಿ ಪ್ರತಿಯೊಬ್ಬರಿಗೂ, ಬಿದ್ದಲ್ಲಿಂದ ಕರೆದ ಗಳಿಗೆಯಲ್ಲಿ, ಕೇಳಿಸಿಕೊಂಡವನು ಮೊದಲು ನಮ್ಮ ಬಳಿಗೇ ಬರುವಂತಾಗಲಿ. ಆಮೀನ್.